ಜಾತ್ರೆಗೆ ಹೋದವರು ಕಲ್ಲನ್ನೂ ಓದಿ ಬನ್ನಿರಿ

ಸುಗ್ಗಿ ಮುಗಿದು ಕಣದ ಕೆಲಸ ತೀರಿತೆಂದರೆ ನಮ್ಮ ನಾಡಿನಲ್ಲಿ ಜಾತ್ರೆಗಳ ಕಾಲ ಬಂದಿತೆಂದೇ ಅರ್ಥ. ಮಠದ ಜಾತ್ರೆ, ಊರ ದೇವರ ತೇರು, ಸರ್ಕಾರ ಏರ್ಪಡಿಸುವ ಉತ್ಸವ ಎಂದು ಒಂದಲ್ಲ ಒಂದು ನೆಪದಿಂದ ಕುಟುಂಬಗಳು ಊರು ಬಿಟ್ಟು ಹೊರಡುತ್ತವೆ. ದರ್ಶನವಾಗುತ್ತದೆ, ಪ್ರಸಾದವಾಗುತ್ತದೆ. ಹೆಣ್ಣುಮಕ್ಕಳು ಬಳೆ ಇಡಿಸಿಕೊಳ್ಳುತ್ತಾರೆ, ಮಕ್ಕಳು ಬೆಂಡು ಬೆತ್ತಾಸ ತಿಂದು ತೊಟ್ಟಿಲ ಗಾಲಿ ಏರುತ್ತಾರೆ. ಸಂಜೆಯಾಗುತ್ತಲೆ ಎಲ್ಲರೂ ಮರಳುತ್ತಾರೆ. ಇದೆಲ್ಲವೂ ಬೇಕಾದದ್ದೇ. ಆದರೆ ಹೀಗೆ ಹೋಗಿ ಬಂದ ಹುಡುಗನನ್ನು, “ತಮ್ಮಾ, ಆ ಗುಡಿ ಕಟ್ಟಿಸಿದವರು ಯಾರು? ಬಾಗಿಲ ಬದಿಗೆ ನಿಲ್ಲಿಸಿದ ಕಲ್ಲಿನ ಮೇಲೆ ಏನು ಬರೆದಿದೆ?” ಎಂದು ಕೇಳಿ ನೋಡಿರಿ. ಅವನು ತಂದೆಯ ಮುಖ ನೋಡುತ್ತಾನೆ, ತಂದೆ ಅಜ್ಜನ ಮುಖ ನೋಡುತ್ತಾನೆ. ಅಜ್ಜ, “ಜಕಣಾಚಾರಿ ಒಂದು ರಾತ್ರಿಯಲ್ಲಿ ಕಟ್ಟಿದನಂತೆ” ಎಂದು ಮುಗಿಸಿಬಿಡುತ್ತಾನೆ.

ಜಕಣಾಚಾರಿಯ ಕಥೆ ಸೊಗಸಾಗಿದೆ. ಆದರೆ ಕನ್ನಡ ನಾಡಿನ ಗುಡಿಗಳನ್ನೆಲ್ಲ ಒಬ್ಬನ ಹೆಸರಿಗೆ ಹಚ್ಚಿದಾಗ, ನಿಜವಾಗಿ ಕಟ್ಟಿಸಿದವರ, ಕಡೆದವರ, ದತ್ತಿ ಕೊಟ್ಟವರ ಹೆಸರುಗಳು ಅಳಿದು ಹೋಗುತ್ತವೆ. ಅವರ ಹೆಸರುಗಳಾದರೋ ಎಷ್ಟೋ ಕಡೆ ಅಲ್ಲಿಯೇ, ಕಣ್ಣೆದುರಿಗೇ, ಕಲ್ಲಿನಲ್ಲಿ ಕೊರೆದಿರುತ್ತವೆ. ಜಾತ್ರೆಯು ವರ್ಷಕ್ಕೊಮ್ಮೆ ನಮ್ಮನ್ನು ಇತಿಹಾಸದ ಬಾಗಿಲವರೆಗೆ ಕರೆದು ತರುತ್ತದೆ. ನಾವು ಬಾಗಿಲಲ್ಲಿಯೇ ಕೈಮುಗಿದು ತಿರುಗುತ್ತೇವೆ. ಒಳಗೆ ಕಾಲಿಡುವ ಬಗೆಯೇನೆಂಬುದನ್ನು ಈ ಸಲ ಗದಗ ಸೀಮೆಯನ್ನು ಉದಾಹರಣೆಯಾಗಿ ಹಿಡಿದು ವಿಚಾರಿಸೋಣ.

ದವನದ ಹುಣ್ಣಿಮೆಯ ಹೊತ್ತಿಗೆ ಗದಗಿನಲ್ಲಿ ತೋಂಟದಾರ್ಯ ಮಠದ ಜಾತ್ರೆ ಕೂಡುತ್ತದೆ. ಅಲ್ಲಿಗೆ ಬಂದವರಿಗೆ ಲಕ್ಕುಂಡಿ ದೂರದ ಊರಲ್ಲ. ಕೊಪ್ಪಳದ ದಾರಿಯಲ್ಲಿ ಸುಮಾರು 12 ಕಿಲೋಮೀಟರು ಮಾತ್ರ. ಶಾಸನಗಳಲ್ಲಿ ಈ ಊರಿನ ಹೆಸರು ಲೊಕ್ಕಿಗುಂಡಿ. ಇಲ್ಲಿ ಟಂಕಸಾಲೆ ಇದ್ದಿತು. ಇಲ್ಲಿಯ ಹೊನ್ನು ‘ಲೊಕ್ಕಿ ಗದ್ಯಾಣ’ವೆಂದು ನಾಡಿನಲ್ಲೆಲ್ಲ ಚಲಾವಣೆಯಲ್ಲಿದ್ದಿತು. ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ಬೆಳೆದ ಈ ಪಟ್ಟಣವು ಹನ್ನೆರಡನೆಯ ಶತಮಾನದ ಕೊನೆಗೆ ಹೊಯ್ಸಳ ಇಮ್ಮಡಿ ಬಲ್ಲಾಳನ ನೆಲೆವೀಡೂ ಆಯಿತು. ಶರಣ ಅಜಗಣ್ಣ ಮತ್ತು ಆತನ ತಂಗಿ ಮುಕ್ತಾಯಕ್ಕ ಇದೇ ಊರಿನವರೆಂದು ನಮ್ಮ ಪರಂಪರೆ ನಂಬಿಕೊಂಡು ಬಂದಿದೆ. ಅಣ್ಣನನ್ನು ಕಳೆದುಕೊಂಡ ದುಃಖದಲ್ಲಿ ಅಲ್ಲಮಪ್ರಭುವಿನೊಡನೆ ಸರಿಸಮನಾಗಿ ವಾದಿಸಿದ ಆ ತಾಯಿ ಓಡಾಡಿದ ಓಣಿಗಳಿವು ಎಂದು ಹೇಳಿದರೆ, ನಮ್ಮ ಹೆಣ್ಣುಮಕ್ಕಳಿಗೆ ಈ ಊರು ನೋಡುವ ಕಣ್ಣೇ ಬೇರೆಯಾಗುತ್ತದೆ.

ಲಕ್ಕುಂಡಿಯಲ್ಲಿ ಮೊದಲು ನೋಡತಕ್ಕದ್ದು ಬ್ರಹ್ಮ ಜಿನಾಲಯ. ಇದು ಜೈನ ಬಸದಿ. ಇದನ್ನು ಕಟ್ಟಿಸಿದವಳು ದಾನಚಿಂತಾಮಣಿ ಅತ್ತಿಮಬ್ಬೆ. ಚಾಲುಕ್ಯ ಚಕ್ರವರ್ತಿ ಇರಿವಬೆಡಂಗ ಸತ್ಯಾಶ್ರಯನ ಕಾಲದ, ಕ್ರಿ.ಶ. 1007ರ ಶಾಸನ ಆಕೆಯ ಕೀರ್ತಿಯನ್ನು ಸಾರುತ್ತದೆ. ಎಳೆಯ ವಯಸ್ಸಿನಲ್ಲಿಯೇ ಗಂಡನನ್ನು ಕಳೆದುಕೊಂಡ ಈ ಸಾಧ್ವಿ ಪೊನ್ನ ಕವಿಯ ಶಾಂತಿಪುರಾಣ ನಶಿಸಬಾರದೆಂದು ಅದರ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳು. ಅಚ್ಚಿನ ಯಂತ್ರವಿಲ್ಲದ ಕಾಲದಲ್ಲಿ ಒಂದೊಂದು ಓಲೆಯನ್ನೂ ಕಂಟದಿಂದ ಕೊರೆಯಿಸಿ ಸಾವಿರ ಪ್ರತಿ ಮಾಡಿಸುವುದೆಂದರೆ ಅದು ಎಂಥ ಕಾರ್ಯವೆಂಬುದನ್ನು ಮಕ್ಕಳಿಗೆ ಬಿಡಿಸಿ ಹೇಳಬೇಕು. ಕವಿರತ್ನ ರನ್ನನು 993ರಲ್ಲಿ ಅಜಿತಪುರಾಣವನ್ನು ರಚಿಸಿದ್ದು ಈಕೆಯ ಆಶ್ರಯದಲ್ಲಿಯೇ. ಆ ರನ್ನ ಮುದುವೊಳಲಿನ, ಎಂದರೆ ಇಂದಿನ ಮುಧೋಳದ, ಬಳೆಗಾರರ ಮನೆಯ ಮಗ. ಜಾತ್ರೆಯ ಬಳೆ ಅಂಗಡಿಯ ಮುಂದೆ ನಿಂತ ಮಗಳಿಗೆ ಇಷ್ಟು ಹೇಳಿದರೆ ಸಾಕು. ಸಾವಿರ ವರ್ಷದ ಹಿಂದಿನ ಕವಿ ಅವಳಿಗೆ ಮನೆಯವನಾಗುತ್ತಾನೆ.

ಗುಡಿಯನ್ನು ನೋಡುವುದಕ್ಕೂ ಒಂದು ಕ್ರಮವುಂಟು. ಒಳಗೆ ನುಗ್ಗುವ ಮೊದಲು ಹೊರಗೆ ಒಂದು ಸುತ್ತು ಬರಬೇಕು. ಬುಡದ ಅಧಿಷ್ಠಾನದಿಂದ ಗೋಡೆಗೆ, ಗೋಡೆಯಿಂದ ಶಿಖರಕ್ಕೆ ನಿಧಾನವಾಗಿ ಕಣ್ಣೆತ್ತಬೇಕು. ಆಮೇಲೆ ಕಲ್ಲು ಯಾವುದೆಂದು ನೋಡಬೇಕು. ಬಾದಾಮಿ, ಪಟ್ಟದಕಲ್ಲುಗಳಲ್ಲಿ ಕೆಂಪು ಮರಳುಗಲ್ಲಿನಲ್ಲಿ ಕೆಲಸ ಮಾಡಿದ ನಾಡಿನ ಶಿಲ್ಪಿಗಳು ಇಲ್ಲಿ ನುಣುಪಾದ ಬಳಪದ ಕಲ್ಲಿಗೆ ಕೈ ಹಾಕಿದರು. ಈ ಕಲ್ಲು ಗಣಿಯಿಂದ ತೆಗೆದಾಗ ಮೆತ್ತಗಿದ್ದು ಗಾಳಿ ಬಿಸಿಲು ತಾಕಿದಂತೆ ಗಟ್ಟಿಯಾಗುತ್ತದೆ. ಆದ್ದರಿಂದಲೇ ಕಾಶೀವಿಶ್ವೇಶ್ವರ ಗುಡಿಯ ಬಾಗಿಲುವಾಡದ ಬಳ್ಳಿಗಳು ಅಕ್ಕಸಾಲಿಗನ ಕೆಲಸದಂತೆ ತೋರುತ್ತವೆ. ಕಂಬಗಳು ತಿರುಗಿಸಿ ಕಡೆದಂತೆ ದುಂಡಾಗಿ, ಕನ್ನಡಿಯಂತೆ ಹೊಳೆಯುತ್ತವೆ. ಮುಂದೆ ಹೊಯ್ಸಳರ ನಾಡಿನಲ್ಲಿ ಅರಳಿದ ಕುಸುರಿಗೆ ಈ ಸೀಮೆಯ ಗುಡಿಗಳಲ್ಲಿಯೇ ಹದ ಬಂದಿದ್ದಿತು. ಕಾಶೀವಿಶ್ವೇಶ್ವರದಲ್ಲಿ ಇನ್ನೊಂದು ವಿಶೇಷವಿದೆ. ಶಿವನ ಗರ್ಭಗುಡಿಗೆ ಎದುರಾಗಿ ಸೂರ್ಯನ ಗರ್ಭಗುಡಿಯುಂಟು. ಒಂದೇ ಊರಿನಲ್ಲಿ ಜಿನನ ಬಸದಿ, ಶಿವನ ಗುಡಿ, ಸೂರ್ಯನ ಸನ್ನಿಧಿ ಹೊಂದಿಕೊಂಡು ನಿಂತಿರುವುದನ್ನು ಮಕ್ಕಳು ತಾವಾಗಿಯೇ ಕಂಡುಕೊಳ್ಳಲಿ.

ಲಕ್ಕುಂಡಿಗೆ ನೂರೊಂದು ಗುಡಿ, ನೂರೊಂದು ಬಾವಿ ಎಂಬ ಮಾತಿದೆ. ಗುಡಿ ನೋಡಿದವರು ಬಾವಿ ನೋಡದೆ ಬರಬಾರದು. ಮಾಣಿಕೇಶ್ವರ ಗುಡಿಯ ಬದಿಯ ಮುಸುಕಿನ ಬಾವಿಯ ಮೆಟ್ಟಿಲುಗಳನ್ನೂ ಗೋಡೆಯ ಸಣ್ಣ ಸಣ್ಣ ಗೂಡುಗಳನ್ನೂ ಕಂಡರೆ, ನೀರಿರುವ ಸ್ಥಳವನ್ನು ನಮ್ಮ ಹಿರಿಯರು ದೇವರ ಮನೆಯಷ್ಟೇ ಚೊಕ್ಕಟವಾಗಿ ಕಟ್ಟಿದರೆಂಬುದು ತಿಳಿಯುತ್ತದೆ. ಮಳೆ ಕಡಿಮೆಯ ಈ ಸೀಮೆಯಲ್ಲಿ ಬಾವಿ ಕಟ್ಟಿಸಿದವನು ಗುಡಿ ಕಟ್ಟಿಸಿದವನಿಗಿಂತ ಕಡಿಮೆಯವನಲ್ಲ.

ಗದಗಿನಿಂದ ಇನ್ನೊಂದು ದಿಕ್ಕಿಗೆ, ಮುಂಡರಗಿ ತಾಲ್ಲೂಕಿನಲ್ಲಿ ಡಂಬಳವಿದೆ. ಅಲ್ಲಿಯ ತೋಂಟದಾರ್ಯ ಮಠದ ರೊಟ್ಟಿ ಜಾತ್ರೆಯ ಹೆಸರು ಕೇಳದವರು ವಿರಳ. ಜಾತಿ ಮತಗಳ ಎಣಿಕೆಯಿಲ್ಲದೆ ಜನ ಒಂದೇ ಪಂಕ್ತಿಯಲ್ಲಿ ಕುಳಿತು ಜೋಳದ ರೊಟ್ಟಿ, ಕರಿಂಡಿ ಉಣ್ಣುವ ಜಾತ್ರೆ ಅದು. ಉಂಡವರು ದೊಡ್ಡಬಸಪ್ಪನ ಗುಡಿಯವರೆಗೆ ನಡೆದುಹೋಗಬೇಕು. ಈ ಹನ್ನೆರಡನೆಯ ಶತಮಾನದ ಗುಡಿಯ ತಳವಿನ್ಯಾಸ 24 ಮೂಲೆಗಳ ನಕ್ಷತ್ರದಂತಿದೆ. ಮಕ್ಕಳು ಗೋಡೆಯ ಸುತ್ತ ನಡೆದು ಮೂಲೆಗಳನ್ನು ಎಣಿಸಲಿ. ಒಂದು ಚೌಕವನ್ನು ಒಂದೇ ನಡುಬಿಂದುವಿನ ಸುತ್ತ ಸ್ವಲ್ಪ ಸ್ವಲ್ಪವೇ ತಿರುಗಿಸಿ ಆರು ಸಲ ಬರೆದರೆ ಇಂಥ ನಕ್ಷತ್ರವಾಗುತ್ತದೆಂಬುದನ್ನು ಮನೆಗೆ ಬಂದು ಹಾಳೆಯ ಮೇಲೆ ಬರೆದು ನೋಡಲಿ. ಗಣಿತವು ಪಾಠಶಾಲೆಯ ಗೋಡೆಯೊಳಗೇ ಇರುವುದೆಂಬ ಅಂಜಿಕೆ ಅಂದಿಗೆ ಹೋಗುತ್ತದೆ.

ಇದೇ ಡಂಬಳದಲ್ಲಿ 1095ರ ಒಂದು ಶಾಸನ ದೊರೆತಿದೆ. ಆರನೆಯ ವಿಕ್ರಮಾದಿತ್ಯನ ಕಾಲದ್ದು. ಅದು ಬೌದ್ಧರ ತಾರಾದೇವಿಯ ಸ್ತುತಿಯನ್ನೊಳಗೊಂಡಿದ್ದು, ಇಲ್ಲಿ ಹದಿನಾರು ಮಂದಿ ಸೆಟ್ಟಿಗಳು ಕಟ್ಟಿಸಿದ ಬೌದ್ಧ ವಿಹಾರಕ್ಕೆ ಕೊಟ್ಟ ದತ್ತಿಯನ್ನು ಹೇಳುತ್ತದೆ. ಕನ್ನಡ ನಾಡಿನಲ್ಲಿ ಬೌದ್ಧರು ಅಷ್ಟು ತಡವಾಗಿಯೂ ಇದ್ದರೆಂಬುದಕ್ಕೆ ಈ ಕಲ್ಲೇ ಸಾಕ್ಷಿ. ಇಂದು ಎಲ್ಲರೂ ಕೂಡಿ ರೊಟ್ಟಿ ಉಣ್ಣುವ ಊರಿನಲ್ಲಿ ಒಂಬತ್ತು ನೂರು ವರ್ಷಗಳ ಹಿಂದೆ ಬುದ್ಧನಿಗೂ ಜಾಗವಿದ್ದಿತು. ಈ ಊರು ನಮ್ಮದು, ನಿಮ್ಮದಲ್ಲ ಎಂದು ಜಗಳವಾಡುವ ಕಾಲಕ್ಕೆ ಇಂಥ ಶಾಸನವನ್ನು ಗಟ್ಟಿಯಾಗಿ ಓದಿ ಹೇಳಬಲ್ಲ ಒಬ್ಬನಾದರೂ ಪ್ರತಿ ಊರಿನಲ್ಲಿ ಇರಬೇಕು.

ಇಲ್ಲಿ ಕೆಲವು ಶರಣ ಬಂಧುಗಳು ಒಂದು ಸಂದೇಹವನ್ನೆತ್ತಬಹುದು. “ಬಸವಣ್ಣನವರು ದೇಹವನ್ನೇ ದೇಗುಲ ಮಾಡಿಕೊಳ್ಳಲು ಕಲಿಸಿದರು. ಕಲ್ಲಿನ ಗುಡಿಗಳ ಸುತ್ತ ತಿರುಗುವುದು ನಮಗೇಕೆ?” ಸಂದೇಹ ಯೋಗ್ಯವಾದದ್ದೇ. ಆದರೆ ಪೂಜಿಸುವುದು ಬೇರೆ, ಓದುವುದು ಬೇರೆ. ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟುಕೊಂಡವನಿಗೂ ತನ್ನ ಹಿರಿಯರ ಬದುಕನ್ನು ತಿಳಿಯಲು ಕಲ್ಲಿನ ಬರವಣಿಗೆ ಬೇಕು. ಬೆಳಗಾವಿ ಜಿಲ್ಲೆಯ ಹುಕ್ಕೇರಿ ತಾಲ್ಲೂಕಿನ ಅರ್ಜುನವಾಡದಲ್ಲಿ ಸೇವುಣ ದೊರೆ ಕನ್ನರನ ಕಾಲದ, 1260ರ ಶಾಸನವೊಂದಿದೆ. ಬಸವಣ್ಣನವರ ಹೆಸರನ್ನೂ ಅವರ ಮನೆತನವನ್ನೂ ಅದು ಹೇಳುತ್ತದೆ. ಪುರಾಣಗಳಲ್ಲಿ ಕಾಣುವ ಬಸವಣ್ಣನವರು ಈ ನೆಲದಲ್ಲಿ ಬಾಳಿದ ಐತಿಹಾಸಿಕ ವ್ಯಕ್ತಿಗಳೆಂದು ವಿದ್ವಾಂಸರು ಖಚಿತವಾಗಿ ನುಡಿಯಲು ಈ ಕಲ್ಲು ಬಹುದೊಡ್ಡ ಆಧಾರವಾಯಿತು. ಆ ಊರಿನವರು ಯಾವ ಕಾಲಕ್ಕಾದರೂ ಅದನ್ನು ಒಡೆದು ಅಡಿಪಾಯಕ್ಕೆ ಹಾಕಿದ್ದರೆ, ನಷ್ಟವಾಗುತ್ತಿದ್ದುದು ಆ ಒಂದು ಊರಿಗೆ ಮಾತ್ರವೇ? ಯೋಚಿಸಿರಿ.

ಇಂಥ ನಷ್ಟ ನಾಡಿನಲ್ಲಿ ಮೂರು ದಾರಿಯಿಂದ ನಡೆಯುತ್ತಲೇ ಇದೆ. ಮೊದಲನೆಯದು ನಿಧಿಯ ಆಸೆ. ಬಸವಣ್ಣನ ವಿಗ್ರಹದ ಕೆಳಗೆ, ಲಿಂಗದ ಪೀಠದ ಕೆಳಗೆ ಹೊನ್ನಿನ ಕೊಪ್ಪರಿಗೆಯಿದೆಯೆಂದು ನಂಬಿ ರಾತ್ರಿ ಹಾರೆ ಹಾಕುವವರ ಸುದ್ದಿ ಪತ್ರಿಕೆಗಳಲ್ಲಿ ಮೇಲಿಂದ ಮೇಲೆ ಬರುತ್ತದೆ. ಕಲ್ಲಿನ ಮೇಲಿನ ಅಕ್ಷರವನ್ನು ನಿಧಿಯ ಗುರುತೆಂದು ತಿಳಿಯುವವರೂ ಇದ್ದಾರೆ. ಅಲ್ಲಿ ಬರೆದಿರುವುದು ನಂದಾದೀವಿಗೆಗೆ ಇಷ್ಟು ಎಣ್ಣೆ, ಮಠದ ಊಟಕ್ಕೆ ಇಷ್ಟು ಮತ್ತರು ಭೂಮಿ ಎಂದು ಊರಿಗೆ ಗೊತ್ತಿದ್ದರೆ ಹಾರೆ ಹಿಡಿಯುವವನಿಗೆ ಅರ್ಧ ಧೈರ್ಯ ಉಡುಗುತ್ತದೆ. ಎರಡನೆಯದು ಭಕ್ತಿಯಿಂದಲೇ ಆಗುವ ಹಾನಿ. ಜೀರ್ಣೋದ್ಧಾರವೆಂದು ಹಳೆಯ ಗೋಡೆಗೆ ಸುಣ್ಣ, ಎಣ್ಣೆಬಣ್ಣ ಬಳಿಯುತ್ತಾರೆ. ನೆಲಕ್ಕೆ ಹೊಳೆಯುವ ಫರಸಿ ಹಾಸಿ ಅಧಿಷ್ಠಾನವನ್ನು ಮುಚ್ಚುತ್ತಾರೆ. ಕಟ್ಟಿದವರ ಹೆಸರು ಬಣ್ಣದ ಕೆಳಗೆ ಹೋಗುತ್ತದೆ, ಬಣ್ಣ ಹಚ್ಚಿಸಿದವರ ಹೆಸರು ಅಮೃತಶಿಲೆಯಲ್ಲಿ ಏರುತ್ತದೆ. ಮೂರನೆಯದು ಬರಿಯ ಅಲಕ್ಷ್ಯ. ವೀರಗಲ್ಲು ಬಟ್ಟೆ ಒಗೆಯುವ ಕಲ್ಲಾಗುತ್ತದೆ, ಶಾಸನ ದನ ಕಟ್ಟುವ ಗೂಟವಾಗುತ್ತದೆ.

ಕಾನೂನು ಇಲ್ಲವೆಂದಲ್ಲ. 1958ರ ಕೇಂದ್ರ ಅಧಿನಿಯಮವೂ ಅದರ 2010ರ ತಿದ್ದುಪಡಿಯೂ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರಿನವರೆಗೆ ಹೊಸ ಕಟ್ಟಡವನ್ನು ನಿಷೇಧಿಸಿವೆ. ಅಲ್ಲಿಂದಾಚೆ 200 ಮೀಟರಿನವರೆಗೆ ಅನುಮತಿ ಬೇಕು. ಗುಡಿಗಳಿಗೆ ಅಂಟಿಕೊಂಡೇ ಮನೆಗಳಿರುವ ಊರುಗಳಲ್ಲಿ ಇದರಿಂದ ಬಡವರಿಗೆ ತೊಂದರೆಯಾಗುವುದು ಸುಳ್ಳಲ್ಲ. ಆದರೂ ಆ ಕಾನೂನು ಕಾಯುವುದು ಪಟ್ಟಿಯಲ್ಲಿರುವ ಸ್ಮಾರಕಗಳನ್ನು ಮಾತ್ರ. ಪಟ್ಟಿಯಲ್ಲಿಲ್ಲದ ಅಸಂಖ್ಯ ಹಳ್ಳಿಯ ಗುಡಿಗಳಿಗೆ, ಕೆರೆಯ ತೂಬಿನ ಶಾಸನಗಳಿಗೆ ಊರವರೇ ಕಾವಲುಗಾರರು. ತಿಳಿವಳಿಕೆ ಇಲ್ಲದವನು ಏನನ್ನು ಕಾಯಬಲ್ಲನು?

ಆದ್ದರಿಂದ ಮನೆಯ ಹಿರಿಯರಲ್ಲಿ ನನ್ನ ವಿನಂತಿಯಿಷ್ಟು. ಮುಂದಿನ ಜಾತ್ರೆಗೆ ಹೋಗುವಾಗ ಅರ್ಧ ದಿನವನ್ನು ಹೆಚ್ಚಿಗೆ ಇಟ್ಟುಕೊಳ್ಳಿರಿ. ಮಕ್ಕಳ ಕೈಯಲ್ಲಿ ಒಂದು ವಹಿ, ಒಂದು ಸೀಸದಕಡ್ಡಿ ಇರಲಿ. ಶಾಸನದ ಕಲ್ಲು ಕಂಡರೆ ಮೊದಲು ಅದರ ತಲೆಯನ್ನು ನೋಡಲಿ. ಸೂರ್ಯ ಚಂದ್ರರಿದ್ದರೆ, ಅವರಿರುವವರೆಗೆ ಈ ದತ್ತಿ ಸಲ್ಲಲೆಂದು ಅರ್ಥ. ಲಿಂಗ, ಆಕಳು ಕರುಗಳಿದ್ದರೆ ಅದು ಶಿವಾಲಯದ ದತ್ತಿಯಿರಬಹುದು. ವೀರಗಲ್ಲಾದರೆ ಕೆಳಗಿನಿಂದ ಮೇಲಕ್ಕೆ ಓದಬೇಕು: ಕೆಳಗೆ ಕಾದಾಟ, ನಡುವೆ ವೀರನನ್ನು ಕರೆದೊಯ್ಯುವ ದೇವಕನ್ಯೆಯರು, ಮೇಲೆ ಶಿವಸನ್ನಿಧಿ. ತುರುಗಳನ್ನು ಬಿಡಿಸಲು ಹೋಗಿ ಮಡಿದ ಸಾಮಾನ್ಯ ಒಕ್ಕಲಿಗನ ಕಲ್ಲೂ ಅದಾಗಿರಬಹುದು. ಅಕ್ಷರ ಸವೆದಿದ್ದರೆ ಬೆಳಗಿನ ಅಥವಾ ಸಂಜೆಯ ಓರೆ ಬಿಸಿಲಿನಲ್ಲಿ ನೋಡಿರಿ. ನಡುಹಗಲಿಗೆ ಕಾಣದ್ದು ಆಗ ಎದ್ದು ಕಾಣುತ್ತದೆ. ಸುಣ್ಣ, ಸೀಮೆಸುಣ್ಣ, ಎಣ್ಣೆ ಯಾವುದನ್ನೂ ಹಚ್ಚಬೇಡಿರಿ. ಹೊಸದಾಗಿ ಬರಹದ ಕಲ್ಲು ಕಂಡರೆ ಇದ್ದಲ್ಲಿಯೇ ಬಿಟ್ಟು, ಪುರಾತತ್ತ್ವ ಇಲಾಖೆಗಾಗಲಿ ಹತ್ತಿರದ ಕಾಲೇಜಿನ ಇತಿಹಾಸದ ಅಧ್ಯಾಪಕರಿಗಾಗಲಿ ತಿಳಿಸಿರಿ.

ಜಾತ್ರಾ ಸಮಿತಿಯವರಲ್ಲಿಯೂ ಒಂದು ಮಾತು. ಬೆಳಗಿನ ಹೊತ್ತು ಊರಿನ ಹಳೆಯ ಗುಡಿ, ಬಾವಿ, ಕಲ್ಲುಗಳನ್ನು ತೋರಿಸಿಕೊಂಡು ಬರುವ ಒಂದು ಗಂಟೆಯ ಸುತ್ತಾಟವನ್ನು ಕಾರ್ಯಕ್ರಮ ಪತ್ರಿಕೆಯಲ್ಲಿ ಸೇರಿಸಿರಿ. ಮುಂದೆ ನಿಂತು ಹೇಳುವವರು ಹೊರಗಿನ ಪಂಡಿತರೇ ಆಗಬೇಕಿಲ್ಲ. ಊರ ಶಾಲೆಯ ಮಾಸ್ತರರು, ಹೊಲದ ಹಳೆಯ ಹೆಸರುಗಳನ್ನು ಬಲ್ಲ ಅಜ್ಜಂದಿರು ಸಾಕು. ಶಾಸನದಲ್ಲಿ ಹೇಳಿದ ಎಲ್ಲೆಯ ಹಳ್ಳ, ದಿಬ್ಬ, ಕೆರೆಗಳ ಹೆಸರು ಇಂದಿಗೂ ಯಾವುದೋ ಅಜ್ಜನ ಬಾಯಲ್ಲಿ ಉಳಿದಿರುವುದುಂಟು. ಆ ಅಜ್ಜ ಇರುವಾಗಲೇ ಮೊಮ್ಮಗ ಅದನ್ನು ವಹಿಯಲ್ಲಿ ಬರೆದುಕೊಳ್ಳಬೇಕು. ಕಲ್ಲು ಇನ್ನೂ ನೂರು ವರ್ಷ ಕಾದೀತು, ಅಜ್ಜ ಕಾಯಲಾರ.