ಮೈ ಇಳಿಸುವ ಮೂಲಿಕೆಗಳು

ತ್ಯಾಮಗೊಂಡ್ಲಿನಲ್ಲಿ ಕುಳಿತವನೂ ಇಂದು ಮೈಯ ಬೊಜ್ಜನ್ನೂ ರಕ್ತದ ಕೊಲೆಸ್ಟರಾಲನ್ನೂ ಇಳಿಸುವುವೆಂದು ಸಾರುವ ಚೀನೀ ಮೂಲಿಕೆಗಳನ್ನು ಮನೆಬಾಗಿಲಿಗೇ ತರಿಸಿಕೊಳ್ಳಬಹುದಾಗಿದೆ. ಬೇರುನಾರಿನಿಂದ ಕೇಡೇನು ಎಂಬ ಜನರ ನಂಬಿಕೆಯೇ ಈ ವ್ಯಾಪಾರದ ಬಂಡವಾಳ.

ಬೆಲ್ಜಿಯಂ ದೇಶದಲ್ಲಿ ನಡೆದುದನ್ನು ವಾಚಕರು ಕೇಳಬೇಕು. ೧೯೯೦ರ ದಶಕದ ಆದಿಯಲ್ಲಿ ಬ್ರಸೆಲ್ಸಿನ ಚಿಕಿತ್ಸಾಲಯವೊಂದು ಮೈ ಇಳಿಸಬಯಸಿದ ಸ್ತ್ರೀಯರಿಗೆ ಚೀನೀ ಮೂಲಿಕೆಗಳನ್ನು ಕೊಟ್ಟಿತು. ಒಂದು ಬೇರಿಗೆ ಬದಲಾಗಿ, ಹೆಸರಿನಲ್ಲಿ ಅದನ್ನು ಹೋಲುವ ಇನ್ನೊಂದು ಬೇರು ಅದರಲ್ಲಿ ಸೇರಿಹೋಗಿತ್ತು. ನೂರಕ್ಕೂ ಹೆಚ್ಚು ಮಂದಿಯ ಮೂತ್ರಪಿಂಡಗಳು ಕೆಟ್ಟವು. ಹಲವರಿಗೆ ಮೂತ್ರನಾಳದಲ್ಲಿ ಅರ್ಬುದವೂ ಕಾಣಿಸಿತು. ನಮ್ಮ ಬೇಲಿಗಳ ಈಶ್ವರೀ ಬಳ್ಳಿಯೂ ಅದೇ ಕುಲದ್ದು, ಅದೇ ವಿಷವುಳ್ಳದ್ದು. ಪರದೇಶದ್ದನ್ನು ಹಳಿದು, ಸ್ವದೇಶದ್ದೆಂಬ ಮಾತ್ರಕ್ಕೆ ಕಣ್ಣುಮುಚ್ಚಿ ನುಂಗುವ ದೇಶಾಭಿಮಾನವನ್ನು ನಾವು ಒಪ್ಪೆವು.

ಚೀನೀಯರ ಕೆಂಪು ಯೀಸ್ಟ್ ಅಕ್ಕಿಯು ಕೊಲೆಸ್ಟರಾಲನ್ನು ಇಳಿಸುವುದು ನಿಜ. ಇಳಿಸದೆ ಏನು? ವೈದ್ಯರು ಬರೆದುಕೊಡುವ ಲೊವಾಸ್ಟಾಟಿನ್ ಎಂಬ ಔಷಧವೇ ಅದರಲ್ಲಿ ಅಡಗಿದೆ. ಯಾವ ಸೀಸೆಯಲ್ಲಿ ಎಷ್ಟೆಂಬುದು ಮಾತ್ರ ಕೊಂಡವನಿಗೆ ತಿಳಿಯದು. ಸ್ನಾಯುಗಳಿಗೂ ಯಕೃತ್ತಿಗೂ ಆಗಬಹುದಾದ ಅಪಾಯವು ಎರಡರಲ್ಲಿಯೂ ಒಂದೇ.

ಬೊಜ್ಜನ್ನು ಗುಣಪಡಿಸುವೆವೆಂದು ಔಷಧದ ಜಾಹೀರಾತು ಕೊಡುವುದನ್ನು ೧೯೫೪ರ ಕಾಯಿದೆಯೇ ನಿಷೇಧಿಸಿದೆ. ಆದರೂ ಅಂತಹ ಜಾಹೀರಾತುಗಳು ಬರುತ್ತಲೇ ಇವೆ. ಅವುಗಳಿಂದ ಹಣ ಪಡೆದ ಪತ್ರಿಕೆಗಳೂ ನಿರ್ದೋಷಿಗಳಲ್ಲವೆಂದು ನಾಚಿಕೆಯಿಂದ ಹೇಳಬೇಕಾಗಿದೆ. ಅಧಿಕಾರಿಗಳು ರೋಗಿಯ ದೂರಿಗಾಗಿ ಕಾಯಬಾರದು. ಕೆಡುತ್ತಿರುವ ಮೂತ್ರಪಿಂಡವು ಬಹುಕಾಲ ನೋಯುವುದಿಲ್ಲ. ದೂರು ಬರುವ ವೇಳೆಗೆ ಹೊತ್ತು ಮೀರಿರುತ್ತದೆ. ಇಂತಹ ಸರಕಿನ ಮಾದರಿಗಳನ್ನು ಅವರೇ ಕೊಂಡು ಪರೀಕ್ಷಿಸಿ, ಫಲಿತಾಂಶವನ್ನು ಮಾರಾಟಗಾರನ ಹೆಸರಿನೊಡನೆ ಪ್ರಕಟಿಸಲಿ.