ಸದಸ್ಯರಾಗಿ, ಸಹಿ ಮಾತ್ರ ಕೇಳಬೇಡಿ

ಸಂಘ ಕಟ್ಟುವುದರ ಬಗ್ಗೆ ನನಗೆ ತಕರಾರಿಲ್ಲ. ನಾನೂ ಉಪಾಧ್ಯಾಯರ ಸಂಘಕ್ಕೆ ವರ್ಷ ವರ್ಷ ಚಂದಾ ಕೊಡುತ್ತ ಬಂದವಳೇ. ಕಿರಾಣಿ ಅಂಗಡಿಯವರಿಗೆ, ಆಟೋದವರಿಗೆ, ಅಡುಗೆಯವರಿಗೆ ಸಂಘಗಳಿರುವಾಗ ಮನೆ ಕಟ್ಟಿಕೊಡುವ ಗುತ್ತಿಗೆದಾರರಿಗೆ ಮಾತ್ರ ಬೇಡವೆನ್ನಲು ನಾನು ಯಾರು? ಬಿಲ್ಡರ್ಸ್ ಅಸೋಸಿಯೇಷನ್ ಆಫ್ ಇಂಡಿಯಾ ಹುಟ್ಟಿದ್ದು 1941ರಲ್ಲಿ, ಸ್ವಾತಂತ್ರ್ಯಕ್ಕೂ ಮೊದಲು. ಅಪಾರ್ಟ್‌ಮೆಂಟು, ಬಡಾವಣೆಗಳ ದೊಡ್ಡ ಕುಳಗಳ ಕ್ರೆಡಾಯ್ ಬಂದದ್ದು 1999ರಲ್ಲಿ. ಊರೂರಿನ ಸಣ್ಣ ಸಂಘಗಳಂತೂ ಲೆಕ್ಕಕ್ಕೇ ಸಿಗುವುದಿಲ್ಲ. ನನ್ನ ಜಗಳವಿರುವುದು ಇವರು ಸದಸ್ಯರನ್ನು ಹುಡುಕುವ ರೀತಿಯ ಮೇಲೆ, ಆಮೇಲೆ ಊರಿಗೆಲ್ಲ ತಮ್ಮ ವಿಷಯ ಸಾರಿಕೊಳ್ಳುವ ರೀತಿಯ ಮೇಲೆ.

ನಮ್ಮೂರಿನ ಇಂಥ ಒಂದು ಸಂಘ ಕಳೆದ ವರ್ಷ ಸದಸ್ಯತ್ವ ಅಭಿಯಾನ ನಡೆಸಿತು. ಹೆಸರು ಬರೆಯುವುದಿಲ್ಲ, ಬರೆದರೆ ಅದೂ ಅವರಿಗೆ ಪ್ರಚಾರವೇ. ಬಸ್ ಸ್ಟ್ಯಾಂಡಿನಿಂದ ತಾಲ್ಲೂಕು ಕಚೇರಿಯವರೆಗೆ ಫ್ಲೆಕ್ಸು. ಅದರಲ್ಲಿ ಹಳದಿ ಹೆಲ್ಮೆಟ್ ಹಾಕಿಕೊಂಡು ನಗುವ ಕೂಲಿಯಾಳುಗಳ ಚಿತ್ರ. ನಮ್ಮ ಬೀದಿಯಲ್ಲೇ ನಾಲ್ಕು ಮನೆ ಏಳುತ್ತಿವೆ. ಆ ಹೆಲ್ಮೆಟ್ಟನ್ನು ನಾನು ಫ್ಲೆಕ್ಸಿನಲ್ಲಿ ಬಿಟ್ಟು ಬೇರೆಲ್ಲೂ ಕಾಣಲಿಲ್ಲ. ದಿನಪತ್ರಿಕೆಯೊಳಗೆ ಕರಪತ್ರ, ಕಲ್ಯಾಣ ಮಂಟಪದಲ್ಲಿ ಭೋಜನ ಕೂಟ, ಸಿಮೆಂಟು ಕಂಪನಿಯ ಖರ್ಚಿನಲ್ಲಿ ಡೈರಿ. ಇಷ್ಟಕ್ಕೇ ನಿಲ್ಲಿಸಿದ್ದರೆ ನಾನೂ ಸುಮ್ಮನಿರುತ್ತಿದ್ದೆ. ಅವರು ಶಾಲೆಗೂ ಬಂದರು.

'ನನ್ನ ಕನಸಿನ ಮನೆ' ಎಂದು ಚಿತ್ರಸ್ಪರ್ಧೆ. ಮಕ್ಕಳಿಗೆಲ್ಲ ಸಂಘದ ಲಾಂಛನವಿದ್ದ ಟೋಪಿ. ಸ್ಪರ್ಧೆ ಮುಗಿದ ಮೇಲೆ ಅದೇ ಟೋಪಿಯಲ್ಲಿ ಜಾಥಾ. ಹಾಜರಾತಿ ಪುಸ್ತಕ ಹಿಡಿದುಕೊಂಡು ಬಿಸಿಲಲ್ಲಿ ಮಕ್ಕಳನ್ನು ಎಣಿಸುತ್ತ ನಡೆದವರು ನಾವು ಶಿಕ್ಷಕಿಯರು. ಐದನೇ ತರಗತಿಯ ಒಬ್ಬ ಹುಡುಗಿ ಸಾರುವೆ ಕಟ್ಟಿದ, ಇನ್ನೂ ಮೋಲ್ಡ್ ಹಾಕದ ಮನೆ ಬರೆದಿದ್ದಳು. ಪಕ್ಕದಲ್ಲಿ ತಲೆಯ ಮೇಲೆ ಬಾಂಡ್ಲಿ ಹೊತ್ತ ಹೆಂಗಸು. ತೀರ್ಪು ಕೊಡಲು ಬಂದಿದ್ದ ಮಹನೀಯರು, "ಇದಿನ್ನೂ ಪೂರ್ತಿ ಆಗಿಲ್ಲವಲ್ಲ ಮರಿ" ಎಂದು ಹಾಳೆಯನ್ನು ಕೆಳಗಿಟ್ಟರು. ಅವಳು ನೋಡಿದ ಮನೆಗಳೆಲ್ಲ ಹಾಗೆಯೇ. ಪೂರ್ತಿಯಾದ ದಿನ ಇವರ ಶೆಡ್ಡು ಕಿತ್ತು ಮುಂದಿನ ಸೈಟಿಗೆ ಹೋಗುತ್ತದೆ.

ಆ ಕರಪತ್ರವನ್ನು ನಾನು ಕೂತು ಪೂರ್ತಿ ಓದಿದೆ. ಮೇಷ್ಟರಿಕೆಯ ಚಾಳಿ. ಸದಸ್ಯನಾದವನಿಗೆ ಸಿಗುವುದು: ಡೈರೆಕ್ಟರಿಯಲ್ಲಿ ಹೆಸರು, ಲೆಟರ್‌ಹೆಡ್ಡಿನ ಮೇಲೆ ಲಾಂಛನ ಹಾಕಿಕೊಳ್ಳುವ ಹಕ್ಕು, ಸಿಮೆಂಟು ಕಬ್ಬಿಣಕ್ಕೆ ರಿಯಾಯಿತಿ, ಗುಂಪು ವಿಮೆ, ವರ್ಷಕ್ಕೊಂದು ಪ್ರವಾಸ. ಸದಸ್ಯನಾಗಲು ಬೇಕಾದದ್ದು: ಅರ್ಜಿ, ಎರಡು ಫೋಟೋ, ಶುಲ್ಕ, ಮತ್ತು ಈಗಾಗಲೇ ಸದಸ್ಯರಾಗಿರುವ ಇಬ್ಬರ ಸಹಿ. ಅವನು ಕಟ್ಟಿದ ಯಾವುದಾದರೂ ಒಂದು ಮನೆಯನ್ನು ಯಾರಾದರೂ ಹೋಗಿ ನೋಡಬೇಕೆಂಬ ಮಾತಿಲ್ಲ. ಕೊನೆಯಲ್ಲಿ ನಮ್ಮಂಥವರಿಗಾಗಿ ಒಂದು ಸಾಲು: ಲಾಂಛನ ನೋಡಿ, ನಂಬಿ ಮನೆ ಕಟ್ಟಿಸಿ. ಅಂದರೆ ಶುಲ್ಕದ ರಸೀದಿಯೇ ನಂಬಿಕೆಯ ಪತ್ರ! ನಾವು ಸೀರೆ ಕೊಳ್ಳುವಾಗ ಸೆರಗು ಬಿಡಿಸಿ, ಬಣ್ಣ ಬಿಡುತ್ತದೆಯೇ ಎಂದು ನಾಲ್ಕು ಸಲ ಕೇಳುತ್ತೇವೆ. ಬಳೆ ಅಡವಿಟ್ಟು ಕಟ್ಟಿಸುವ ಮನೆಗೆ ಒಂದು ಲಾಂಛನ ಸಾಕೇ?

ಅದೂ ಹೋಗಲಿ. ನನ್ನನ್ನು ಕೆರಳಿಸಿದ್ದು ಆ ಎರಡು ಸಹಿಗಳು. ಏಕೆಂದರೆ ಅದೇ ವಾರ ಆ ಚಿತ್ರ ಬರೆದ ಹುಡುಗಿಯ ತಾಯಿ ಒಂದು ಸಹಿಗಾಗಿ ಅಲೆಯುತ್ತಿದ್ದಳು.

ರಾಯಚೂರು, ಯಾದಗಿರಿ ಕಡೆಯಿಂದ ಮಳೆಯಿಲ್ಲದ ವರ್ಷ ಕಟ್ಟಡದ ಕೆಲಸಕ್ಕೆ ಬಂದು ಇಲ್ಲೇ ಉಳಿಯುವ ಸಂಸಾರಗಳು ಬಹಳ. ಈಕೆಯೂ ಹಾಗೆ ಬಂದವಳು. ಲೇಬರ್ ಕಾರ್ಡಿದ್ದರೆ ಮಕ್ಕಳ ಓದಿಗೆ ಮಂಡಳಿಯಿಂದ ಸಹಾಯಧನ ಸಿಗುತ್ತದೆಂದು ನಾವೇ ಹೇಳಿದ್ದೆವು. ಅದಕ್ಕೆ ಹಿಂದಿನ 12 ತಿಂಗಳಲ್ಲಿ ಕನಿಷ್ಠ 90 ದಿನ ಕಟ್ಟಡದ ಕೆಲಸ ಮಾಡಿದ್ದಾಳೆ ಎಂಬ ಪತ್ರ ಬೇಕು. ಕೆಲಸ ಕೊಟ್ಟವನು ಒಂದು ಸಹಿ ಹಾಕಿದರೆ ಮುಗಿಯಿತು. "ಸೈ ಹಾಕ್ರಿ ಅಂದ್ರ, ನೀ ನನ್ನ ಕಡೆ ದುಡದಿ ಅಂತ ನಾ ಯಾಕ ಬರದು ಕೊಡ್ಲಿ, ನಾಳೆ ನನ್ನ ಕೊಳ್ಳಿಗೆ ಬರ್ತದ ಅಂತಾರ್ರಿ ಟೀಚರ್" ಎಂದಳು. ಎರಡು ವರ್ಷದಿಂದ ಅವನ ಕಡೆಯೇ ಕಲ್ಲು ಮಣ್ಣು ಹೊತ್ತವಳು. ಫ್ಲೆಕ್ಸಿನ ಎರಡನೆಯ ಸಾಲಿನಲ್ಲಿ ಆ ಗುತ್ತಿಗೆದಾರರ ಫೋಟೋ ಇತ್ತು.

ಈ ಕಾರ್ಡು ಯಾರೋ ದಯೆಯಿಂದ ಕೊಟ್ಟದ್ದಲ್ಲ. ಕಟ್ಟಡ ಕಾರ್ಮಿಕರಿಗೊಂದು ಕಾಯಿದೆ ಬೇಕೆಂದು 1980ರ ದಶಕದಿಂದ ಹೋರಾಡಿದವರಿದ್ದಾರೆ; ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಅವರಂಥವರು ಅದರ ಮುಂದೆ ನಿಂತಿದ್ದರು. ಕಾಯಿದೆ ಬಂದದ್ದು 1996ರಲ್ಲಿ. ಕಟ್ಟಡದ ವೆಚ್ಚದಲ್ಲಿ ನೂರಕ್ಕೆ ಒಂದು ರೂಪಾಯಿ ಸೆಸ್ ವಸೂಲು ಮಾಡಿ ಕಾರ್ಮಿಕರ ಕಲ್ಯಾಣ ಮಂಡಳಿಗೆ ಹಾಕುವುದು ಅದರ ಏರ್ಪಾಟು. 2025ರ ನವೆಂಬರ್ 21ರಂದು ಹೊಸ ಕಾರ್ಮಿಕ ಸಂಹಿತೆಗಳು ಜಾರಿಯಾಗಿ ಹಳೆಯ ಕಾಯಿದೆಯನ್ನು ತಮ್ಮೊಳಗೆ ಸೇರಿಸಿಕೊಂಡವು. 90 ದಿನದ ಮಾತು ಮಾತ್ರ ಹಾಗೆಯೇ ಇದೆ.

ಹಣವಿಲ್ಲವೇ? 2018ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳಾದ ಮದನ್ ಲೋಕೂರ್ ಮತ್ತು ದೀಪಕ್ ಗುಪ್ತ ಅವರು ಕೊಟ್ಟ ತೀರ್ಪನ್ನು ನೋಡಿ. ಅಲ್ಲಿಯವರೆಗೆ ದೇಶದಲ್ಲಿ ಕೂಡಿದ್ದ ಸೆಸ್ 37,400 ಕೋಟಿ ರೂಪಾಯಿಗೂ ಹೆಚ್ಚು. ಖರ್ಚಾದದ್ದು ಸುಮಾರು 9,500 ಕೋಟಿ. ಈ ಹಣದಲ್ಲಿ ಕೆಲವೆಡೆ ಲ್ಯಾಪ್‌ಟಾಪು, ಬಟ್ಟೆ ಒಗೆಯುವ ಯಂತ್ರ ಕೊಂಡದ್ದೂ ನ್ಯಾಯಾಲಯದ ಮುಂದೆ ಬಂದಿತ್ತು. ನಲ್ಲಿಯಿಲ್ಲದ ಶೆಡ್ಡಿನವಳಿಗೆ ವಾಷಿಂಗ್ ಮೆಷೀನು!

ಇನ್ನೊಂದು ಕಡೆ ನಕಲಿ ಕಾರ್ಡುಗಳ ಗಲಾಟೆ. ಬಾಂಡ್ಲಿ ಮುಟ್ಟದವರೂ ಕಾರ್ಡು ಮಾಡಿಸಿಕೊಂಡದ್ದು ನಮ್ಮ ರಾಜ್ಯದಲ್ಲಿ ಎಲ್ಲರಿಗೂ ಗೊತ್ತು. ಗುತ್ತಿಗೆದಾರರು ಇದನ್ನೇ ಮುಂದಿಡುತ್ತಾರೆ: "ನಕಲಿಗಳ ಕಾಟ ಮೇಡಂ, ಅದಕ್ಕೇ ನಾವು ಸಹಿ ಹಾಕೋದಿಲ್ಲ." ನಿಜವಾಗಿ ದುಡಿದವರಿಗೆ ನಿಜವಾಗಿ ಕೆಲಸ ಕೊಟ್ಟವರು ಬರೆದುಕೊಡದೆ ಹೋದರೆ ದಲ್ಲಾಳಿಯ ಕೈ ಮೇಲಾಗದೆ ಇನ್ನೇನಾದೀತು? ಇವರು ಸುಮ್ಮನಿದ್ದುದರಿಂದಲೇ ಅವನ ಅಂಗಡಿ ನಡೆಯುತ್ತದೆ.

ಆಳುಗಳು ಮೇಸ್ತ್ರಿಯ ಮೂಲಕ ಬರುತ್ತಾರೆ, ಇಂದಿನವರು ನಾಳೆ ಇರುವುದಿಲ್ಲ, ಎಲ್ಲರ ಗುರುತು ಹೇಗೆ ಇಟ್ಟುಕೊಳ್ಳುವುದು ಎನ್ನುವ ಮಾತೂ ಇದೆ. ಸ್ವಲ್ಪ ನಿಜವೇ. ಸಣ್ಣ ಗುತ್ತಿಗೆದಾರನೂ ಎರಡು ಕಡೆ ಸಿಕ್ಕಿಬಿದ್ದವನೇ. ಬಿಲ್ಲು ತಡ, ಮರಳು ತುಟ್ಟಿ. ಆದರೆ ಶನಿವಾರದ ಬಟವಾಡೆಯ ಪುಸ್ತಕದಲ್ಲಿ ಯಾರಿಗೆ ಎಷ್ಟು ದಿನದ ಕೂಲಿ, ಯಾರಿಗೆ ಅರ್ಧ ದಿನ ಹಿಡಿದದ್ದು ಎಂಬುದು ಒಂದು ಪೈಸೆ ತಪ್ಪದೆ ಇರುತ್ತದೆ. ಕೂಲಿ ಹಿಡಿಯುವಾಗ ಸಿಗುವ ಗುರುತು ಸಹಿ ಹಾಕುವಾಗ ಏಕೆ ಸಿಗುವುದಿಲ್ಲ? ನಲವತ್ತು ಮಕ್ಕಳ ಹಾಜರಾತಿಯನ್ನು ದಿನಕ್ಕೆರಡು ಸಲ ಹಾಕುವವಳು ಕೇಳುತ್ತಿದ್ದೇನೆ.

ಹಾಗಾಗಿ ಈ ಸಂಘದವರಿಗೆ ನನ್ನದೊಂದು ಬೇಡಿಕೆ. ನಿಮ್ಮ ಅರ್ಜಿಯ ಹಿಂಬದಿ ಖಾಲಿಯಿದೆ. ಅಲ್ಲಿ ಒಂದು ಸಾಲು ಅಚ್ಚು ಹಾಕಿಸಿ: ನನ್ನ ಬಳಿ 90 ದಿನ ದುಡಿದವರಿಗೆ ಕೇಳಿದ ದಿನವೇ ಪತ್ರ ಬರೆದುಕೊಡುತ್ತೇನೆ. ಅದಕ್ಕೆ ಸಹಿ ಹಾಕಿದವರನ್ನು ಸೇರಿಸಿಕೊಳ್ಳಿ. ಸೇರಿದ ಮೇಲೆ ಮಾತಿಗೆ ತಪ್ಪಿದವರನ್ನು ತೆಗೆದುಹಾಕಿ, ಅವರ ಹೆಸರನ್ನೂ ಫ್ಲೆಕ್ಸಿನ ಮೇಲೆ ಹಾಕಿ. ಆಗ ಅಭಿಯಾನದಲ್ಲಿ ಎಷ್ಟು ಜನ ಸೇರುತ್ತಾರೋ ನೋಡೋಣ.

ಮನೆ ಕಟ್ಟಿಸುವ ನಮಗೂ ಇದರಲ್ಲಿ ಪಾಲಿದೆ. ಗುತ್ತಿಗೆ ಮಾತಾಡುವಾಗ ಟೈಲ್ಸಿನ ಬಣ್ಣ, ಅಡುಗೆಮನೆಯ ಕಟ್ಟೆಯ ಎತ್ತರ ಎಲ್ಲ ಕರಾರಿನಲ್ಲಿ ಬರೆಸುತ್ತೇವೆ. ಅದರ ಜೊತೆಗೆ ಇದನ್ನೂ ಬರೆಸಬಹುದು. ಅಡ್ವಾನ್ಸು ಕೊಡುವ ಮುಂಚೆ ಕೇಳಿದರೆ ಯಾವ ಗುತ್ತಿಗೆದಾರನೂ ಇಲ್ಲವೆನ್ನುವುದಿಲ್ಲ. ಕೊಟ್ಟ ಮೇಲೆ ಕೇಳಿದರೆ ಫೋನೇ ಎತ್ತುವುದಿಲ್ಲ.

ಈ ವರ್ಷದ ಸ್ಪರ್ಧೆಗೂ ಸಂಘದಿಂದ ಕಾಗದ ಬಂದಿದೆ. ಮಕ್ಕಳನ್ನು ಕಳಿಸುವ ಮುಂಚೆ ಆ ಪತ್ರಗಳ ವಿಷಯ ಏನಾಯಿತೆಂದು ನಾವು ಐವರು ಶಿಕ್ಷಕಿಯರು ಸಹಿ ಹಾಕಿ ಕೇಳಿ ಕಳಿಸಿದ್ದೇವೆ. ಉತ್ತರ ಇನ್ನೂ ಬಂದಿಲ್ಲ.