ಪಾಕ ಕೆಡಿಸ್ಬೇಡ್ರಪ್ಪ

2025ರ ಮೇ ತಿಂಗಳಲ್ಲಿ ಜೈಪುರದ ಕೆಲವು ಮಿಠಾಯಿ ಅಂಗಡಿಯವ್ರು ನಮ್ಮ ಮೈಸೂರು ಪಾಕಿಗೆ ‘ಮೈಸೂರು ಶ್ರೀ’ ಅಂತ ಹೆಸರಿಟ್ರು. ಮೋತಿ ಪಾಕ್, ಗೋಂದ್ ಪಾಕ್‌ಗೂ ಅದೇ ಗತಿ. ಪಾಕ್ ಅಂದ್ರೆ ಪಾಕಿಸ್ತಾನ ನೆನಪಾಗತ್ತಂತೆ. ಗಡಿಯಲ್ಲಿ ಗುಂಡು ಹಾರ್ತಿದ್ದಾಗ ಅವರಿಗೆ ಸಿಟ್ಟು ಬಂದದ್ದು ತಪ್ಪಲ್ಲ. ಆದ್ರೆ ಆ ಸಿಟ್ಟನ್ನ ತಟ್ಟೇಲಿರೋ ಸಿಹಿ ಮೇಲೆ ತೀರಿಸ್ಕೊಂಡ್ರೆ ಹೇಗೆ?

ಪಾಕಿಸ್ತಾನದ ‘ಪಾಕ್’ ಪಾರಸಿ ಮಾತು, ಶುದ್ಧ ಅಂತ ಅರ್ಥ. ನಮ್ಮ ‘ಪಾಕ’ ಬಂದಿರೋದು ಸಂಸ್ಕೃತದ ‘ಪಚ್’ ಧಾತುವಿಂದ. ಅಂದ್ರೆ ಬೇಯೋದು, ಮಾಗೋದು. ಪಚನ, ಪಕ್ವ ಎಲ್ಲಾ ಅದರ ಒಡಹುಟ್ಟಿದವೇ.

ಅಡುಗೆಮನೇಲಿ ಪಾಕ ಅಂದ್ರೆ ಬರೀ ಸಕ್ಕರೆ ನೀರಲ್ಲ, ಅದರ ಹದ. ಮೈಸೂರು ಪಾಕಿಗೆ ಒಂದೆಳೆ ಬರ್ಬೇಕು. ಕಜ್ಜಾಯದ ಬೆಲ್ಲದ ಪಾಕ ನೀರಿಗೆ ಬಿಟ್ರೆ ಮೆತ್ತಗೆ ಉಂಡೆ ಕಟ್ಬೇಕು. ಹದ ಮೀರ್ತೋ, ಕಲ್ಲು! ಆಯುರ್ವೇದದವರೂ ಇದೇ ಮಾತು ಆಡ್ತಾರೆ. ಔಷಧಿ ಎಣ್ಣೆ ಕಾಯಿಸೋದ್ರಲ್ಲಿ ಮೃದುಪಾಕ, ಮಧ್ಯಮಪಾಕ, ಖರಪಾಕ ಅಂತ ಮೂರಿದೆ.

ಒಲೆ ಮುಂದಿನ ಈ ಮಾತು ಕಾವ್ಯಕ್ಕೂ ಹೋಯ್ತು. ಬಾಯಿಗಿಟ್ಟ ಕೂಡ್ಲೇ ರಸ ಬಿಡೋದು ದ್ರಾಕ್ಷಾಪಾಕ, ಸಿಪ್ಪೆ ಸುಲಿದು ತಿನ್ನೋ ಹಾಗಿದ್ರೆ ಕದಳೀಪಾಕ, ಚಿಪ್ಪು ಒಡೆದೇ ತಿನ್ಬೇಕಾದ್ದು ನಾರಿಕೇಳಪಾಕ. ರಾಜಶೇಖರ ತನ್ನ ‘ಕಾವ್ಯಮೀಮಾಂಸೆ’ಯಲ್ಲಿ ಒಂಬತ್ತು ಪಾಕ ಹೇಳ್ತಾನೆ, ಅದ್ರಲ್ಲಿ ಬೇವು, ಹುಣಸೆ, ಬದನೆ, ಸೌತೆನೂ ಇವೆ! ಸಂಗೀತದವ್ರೂ ಬಿಡ್ಲಿಲ್ಲ. ತ್ಯಾಗರಾಜರ ಕೃತಿ ದ್ರಾಕ್ಷಿ, ಶ್ಯಾಮಾಶಾಸ್ತ್ರಿಗಳದ್ದು ಬಾಳೆಹಣ್ಣು, ದೀಕ್ಷಿತರದ್ದು ತೆಂಗಿನಕಾಯಿ ಅಂತ ಹೇಳೋ ರೂಢಿ ಇವತ್ತಿಗೂ ಇದೆ. ಕೃತಿ ಕೇಳಿದ ಕೂಡ್ಲೇ ಒಲಿಯತ್ತೋ, ಕಾದು ಒಲಿಸ್ಕೋಬೇಕೋ ಅನ್ನೋದನ್ನ ಒಂದೇ ಮಾತಲ್ಲಿ ಹೇಳಿಬಿಟ್ಟಿದ್ದಾರೆ ನೋಡಿ.

ಕಾಶ್ಮೀರದ ವಾಮನ ಅನ್ನೋ ಆಲಂಕಾರಿಕ ಸುಮಾರು 1200 ವರ್ಷದ ಹಿಂದೆ ಇನ್ನೊಂದು ಮಾತು ಹೇಳಿದ್ದಾನೆ. ಒಂದು ಪದ ತೆಗೆದು ಆ ಜಾಗಕ್ಕೆ ಇನ್ನೊಂದು ಹಾಕೋಕೆ ಆಗ್ದೇ ಇರೋ ಹಾಗೆ ಮಾತು ಕೂತ್ರೆ, ಅದೇ ಶಬ್ದಪಾಕ ಅಂತೆ. ‘ಮೈಸೂರು ಪಾಕ್’ ಅನ್ನೋ ಹೆಸರು ಹಾಗೇ ಕೂತಿದೆ, ಅಲ್ವಾ? ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಅರಮನೆಯ ಕಾಕಾಸುರ ಮಾದಪ್ಪನವರು ಮಾಡಿದ ಸಿಹಿ ಇದು ಅಂತ ನಮ್ಮೂರೆಲ್ಲ ಹೇಳತ್ತೆ. ಮಾಡಿದ ಊರೂ ಮಾಡೋ ಬಗೆಯೂ ಆ ಎರಡೇ ಮಾತಲ್ಲಿದೆ. ಒಂದನ್ನ ಕಿತ್ರೆ ಮಿಕ್ಕಿದ್ದು ಬರೀ ಚೀಟಿ.

ಹೆಸರಲ್ಲೇನಿದೆ, ರುಚಿ ಅದೇ ತಾನೆ ಅಂತೀರೇನೋ. ರುಚಿ ಅದೇ ಇರ್ಬೋದು. ಆದ್ರೆ ಒಂದು ಮಾತಿಗೆ ಹೆದರಿ ಅದನ್ನ ಬಿಟ್ರೆ, ಒಲೆಗೂ ಹಾಡಿಗೂ ಕಾವ್ಯಕ್ಕೂ ಇದ್ದ ನಂಟನ್ನೂ ಬಿಟ್ಟ ಹಾಗೇ. ನಾಳೆ ನಮ್ಮ ಮಕ್ಕಳಿಗೆ ಪಾಕ ಅಂದ್ರೆ ಒಂದು ದೇಶ ಮಾತ್ರ ನೆನಪಾದ್ರೆ ನಷ್ಟ ಯಾರಿಗೆ?

‘ಶ್ರೀ’ ಒಳ್ಳೇ ಮಾತೇ ಕಣ್ರೀ, ಲಗ್ನಪತ್ರಿಕೆ ಮೇಲೆ ಧಾರಾಳವಾಗಿ ಇರ್ಲಿ. ಬಾಣಲೆ ಮುಂದೆ ಸೌಟು ಹಿಡಿದು ನಿಂತೋರಿಗೆ ಮಾತ್ರ ಅದು ಯಾವಾಗ ಇಳಿಸ್ಬೇಕು ಅಂತ ಹೇಳಲ್ಲ. ಪಾಕ ಹೇಳತ್ತೆ.